ದುಡಿಮೆ ಮತ್ತು ದೇಹ

ಮೈ ಹಗುರವಾಗಿರುವುದು ಬೇರೆ, ಸೊರಗುವುದು ಬೇರೆ. ಇವೆರಡನ್ನೂ ಒಂದೆಂದು ಬಗೆದವರು ಊಟ ಬಿಟ್ಟು ತೆಳ್ಳಗಾಗಲು ಹವಣಿಸುತ್ತಾರೆ. ಬರಿಯ ಉಪವಾಸದಿಂದ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಊಟ ಮರಳಿದಾಗ ತೂಕವೂ ಸಾಮಾನ್ಯವಾಗಿ ಮರಳುತ್ತದೆ.

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯು 12ನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಜನ್ಮಸ್ಥಳ. ಬಟ್ಟೆ ಒಗೆಯುವುದು ಅವರ ಕಾಯಕ. ಗಂಟು ಹೊರುವವನಿಗೆ, ಎರೆಹೊಲದಲ್ಲಿ ಕುಂಟೆ ಹೊಡೆಯುವವನಿಗೆ ಬೇರೆ ವ್ಯಾಯಾಮದ ಅಗತ್ಯವಿರಲಿಲ್ಲ. ಹಾಗೆಂದು ಹಿಂದಿನವರ ತೆಳುಮೈಯೆಲ್ಲ ಆರೋಗ್ಯದ ಕುರುಹೆನ್ನಲಾಗದು. ಬರಗಾಲದ ಹಸಿವು ಅನೇಕರನ್ನು ಒಣಗಿಸಿತ್ತು.

ಇಂದು ಟ್ರ್ಯಾಕ್ಟರು, ಮೋಟಾರು ಬೈಕುಗಳು ದುಡಿಮೆಯ ಭಾರವನ್ನು ಇಳಿಸಿವೆ. ಅದು ಒಳಿತೇ. ಆದರೆ ದುಡಿಮೆ ತಗ್ಗಿದಂತೆ ನಾಲಗೆಯ ಚಪಲ ತಗ್ಗಲಿಲ್ಲ. ಉಂಡದ್ದು ವ್ಯಯವಾಗದಿದ್ದರೆ ಕೊಬ್ಬಾಗಿ ಸಂಚಯಗೊಳ್ಳುತ್ತದೆ. ಆದುದರಿಂದ ಹಿಂದೆ ಅನಿವಾರ್ಯವಾಗಿದ್ದ ಶ್ರಮವನ್ನು ಇಂದು ನಾವು ಆಯ್ದುಕೊಳ್ಳಬೇಕಾಗಿದೆ.

ಮಕ್ಕಳೂ ಹದಿಹರೆಯದವರೂ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದಕ್ಕೆ ಹಣ ಬೇಡ. ಗರಡಿಮನೆಯ ದಂಡ-ಬಸ್ಕಿ, ಕಬಡ್ಡಿ, ಶಾಲೆಗೆ ನಡಿಗೆ ಸಾಕು. ಬಯಲಿನ ಆಟ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಬಾರದು.

ಊಟವೂ ಮನೆಯಲ್ಲೇ ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರುಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿ, ಕಾಳುಪಲ್ಯ, ಸೊಪ್ಪು, ಅಗಸೆಹಿಂಡಿ, ಮಜ್ಜಿಗೆಗಳು ಹೊಟ್ಟೆ ತುಂಬಿಸಿಯೂ ಮೈಗೆ ಭಾರವಾಗವು. ಮಿರ್ಚಿ ಭಜಿ ಜಾತ್ರೆಯ ದಿನಕ್ಕೆ ಸೊಗಸು, ನಿತ್ಯಕ್ಕಲ್ಲ.

ತಕ್ಕಡಿಯ ಮುಳ್ಳು ತೂಕವನ್ನಷ್ಟೇ ತೋರಿಸುತ್ತದೆ. ದಣಿಯದೆ ನಡೆಯುವ ಕಾಲು, ಭಾರ ಎತ್ತುವ ತೋಳು, ಹಿತವಾದ ನಿದ್ರೆ - ಇವೇ ಆರೋಗ್ಯದ ನಿಜವಾದ ಅಳತೆ.