ನರ್ಸಿಂಗ್ ತರಬೇತಿಯಲ್ಲಿ ವರ್ಚುವಲ್ ರಿಯಾಲಿಟಿ ಆಟಗಳು: ಉಪಯೋಗ ಮತ್ತು ಮಿತಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಂದ ನರ್ಸಿಂಗ್ ಶಿಕ್ಷಣಕ್ಕೆ ಅರ್ಜಿ ಸಲ್ಲಿಸಲಿಚ್ಛಿಸುವ ಅಭ್ಯರ್ಥಿಗಳು ಮತ್ತು ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಚುಚ್ಚುಮದ್ದು ನೀಡುವುದು, ರಕ್ತನಾಳಕ್ಕೆ ಸೂಜಿ ಸೇರಿಸುವುದು, ಮೂತ್ರಕೋಶಕ್ಕೆ ಕೊಳವೆ ಅಳವಡಿಸುವುದು ಮೊದಲಾದ ಕಾರ್ಯಗಳನ್ನು ಪ್ರಥಮ ಬಾರಿಗೆ ರೋಗಿಯ ಮೇಲೆ ಕೈಗೊಳ್ಳುವಾಗ ವಿದ್ಯಾರ್ಥಿಗಳಲ್ಲಿ ಭಯ ಉಂಟಾಗುವುದು ಸಹಜ. ತಮ್ಮಿಂದ ರೋಗಿಗೆ ನೋವಾದೀತೆಂಬ ಅಳುಕೇ ಇದರ ಮೂಲ. ಆದುದರಿಂದಲೇ ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ, ವಾರ್ಡಿಗೆ ತೆರಳುವ ಮುನ್ನ ಕೌಶಲ ಪ್ರಯೋಗಾಲಯದಲ್ಲಿ ಮಾಡುವ ಅಭ್ಯಾಸಕ್ಕೆ ಪ್ರಾಮುಖ್ಯ ನೀಡಲಾಗಿದೆ. ವರ್ಚುವಲ್ ರಿಯಾಲಿಟಿ ಆಟಗಳು ಈ ಅಭ್ಯಾಸದ ಹೊಸ ರೂಪವಾಗಿವೆ.

ವಿಶ್ಲೇಷಣೆ

ಹೆಡ್‌ಸೆಟ್ ಧರಿಸಿದ ವಿದ್ಯಾರ್ಥಿಯು ಕೃತಕ ವಾರ್ಡಿನಲ್ಲಿ ಒಂದೇ ಕಾರ್ಯವನ್ನು ಹಲವು ಬಾರಿ ಮಾಡಬಹುದು. ತಪ್ಪಿದರೆ ಯಾರಿಗೂ ಹಾನಿಯಿಲ್ಲ. ಕ್ರಮ ರೂಢಿಯಾದಂತೆ ಅಳುಕು ತಗ್ಗುವುದೆಂಬುದು ಇದರ ಹಿಂದಿನ ತತ್ತ್ವ. ಮೂತ್ರಕೋಶಕ್ಕೆ ಕೊಳವೆ ಅಳವಡಿಸುವ ಕುರಿತು ಅಮೆರಿಕದಲ್ಲಿ 20 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟದ ಮೂಲಕ ಕಲಿತವರು ಹೆಚ್ಚು ಹೊತ್ತು, ಹೆಚ್ಚು ಬಾರಿ ಅಭ್ಯಾಸ ಮಾಡಿದರು. ಆದರೆ ಎರಡು ವಾರಗಳ ನಂತರದ ಪರೀಕ್ಷೆಯಲ್ಲಿ ಉಭಯ ಗುಂಪುಗಳ ಉತ್ತೀರ್ಣತೆ ಬಹುತೇಕ ಸಮನಾಗಿತ್ತು. ಅಧ್ಯಯನ ಚಿಕ್ಕದಾದರೂ, ಅಭ್ಯಾಸದ ಉತ್ಸಾಹ ಹೆಚ್ಚಿದ ಮಾತ್ರಕ್ಕೆ ನೈಪುಣ್ಯವೂ ಹೆಚ್ಚುವುದೆಂದು ಭಾವಿಸಲಾಗದೆಂಬುದನ್ನು ಇದು ತೋರಿಸುತ್ತದೆ.

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೇ ಎಂಬುದು ಅದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದಾಗ ತಿಳಿಯುವುದೆಂದು ಈ ಭಾಗದ ರೈತರು ಬಲ್ಲರು. ಅಂತೆಯೇ ರಕ್ತನಾಳವನ್ನು ಬೆರಳು ಗುರುತಿಸುವುದು, ನೋವಿನಲ್ಲಿರುವವರಿಗೆ ಧೈರ್ಯ ಹೇಳುವುದು ರೋಗಿಯ ಬಳಿಯಲ್ಲೇ ಕಲಿಯಬೇಕಾದ ವಿದ್ಯೆ. ಪದವಿ ಪಡೆಯಲು ಪ್ರತಿಯೊಂದು ಪ್ರಾಯೋಗಿಕ ವಿಭಾಗದಲ್ಲೂ ಶೇ. 100 ಹಾಜರಾತಿ ಕಡ್ಡಾಯವಾಗಿರುವುದನ್ನು ಇಲ್ಲಿ ಗಮನಿಸಬೇಕು.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

1. ಪ್ರವೇಶಕ್ಕೆ ಮುನ್ನ ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮಾನುಸಾರ ಮಾನ್ಯತೆ ಇದೆಯೇ ಎಂಬುದನ್ನು ಪರಿಶೀಲಿಸುವುದು.

2. ಯಾವ ಆಸ್ಪತ್ರೆಯಲ್ಲಿ ವಾರ್ಡ್ ತರಬೇತಿ ನೀಡಲಾಗುವುದು, ಕೌಶಲ ಪ್ರಯೋಗಾಲಯ ಬಳಕೆಯಲ್ಲಿದೆಯೇ ಎಂಬುದನ್ನು ಖುದ್ದಾಗಿ ವಿಚಾರಿಸುವುದು.

3. ಹೆಡ್‌ಸೆಟ್ ಬಳಕೆಯಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಉಂಟಾಗಬಹುದು. ಅಂತಹವರು ಬೋಧಕರಿಗೆ ತಿಳಿಸುವುದು.

ವರ್ಷದ ಕೊಬ್ಬರಿ ಮಾರಿ ಮಕ್ಕಳ ಶುಲ್ಕ ಭರಿಸುವ ಪೋಷಕರು ಪ್ರಚಾರಪತ್ರದಲ್ಲಿನ ಹೊಸ ಉಪಕರಣದ ಚಿತ್ರವೊಂದನ್ನೇ ನೆಚ್ಚದೆ, ವಾರ್ಡ್ ತರಬೇತಿಯ ಗುಣಮಟ್ಟವನ್ನು ಪರಿಶೀಲಿಸಿ ನಿರ್ಧರಿಸುವುದು ಸೂಕ್ತ. ಆರಂಭದ ಭಯವು ಅನರ್ಹತೆಯ ಲಕ್ಷಣವಲ್ಲ. ಆ ಕಾರಣಕ್ಕಾಗಿ ಯಾರೂ ಅರ್ಜಿ ಸಲ್ಲಿಸಲು ಹಿಂಜರಿಯಬೇಕಾಗಿಲ್ಲ.