ಮೂಗಿನ ಮಾತು ಕೇಳ್ರಿ

ಗಾಡ್ಯಾಗ ಏನೋ ಸುಟ್ಟ ವಾಸನಿ ಬರಾಕತ್ತೈತಿ ಅಂದ್ರ ನಮ್ಮ ಗಂಡಸ್ರ ಉತ್ತರ ಒಂದ: "ನಿನಗೇನ್ ತಿಳೀತೈತಿ, ಸುಮ್ನ ಕುಂದರ."

ಅಕ್ಕಾರ, ಸುಮ್ನ ಕುಂದರಬ್ಯಾಡ್ರಿ. ಪಡಸಾಲ್ಯಾಗ ಕುಂತು, ಒಳಗ ಹಾಲು ತಳ ಹತ್ತಿದ್ದು ಹೇಳೋ ಮೂಗು ನಮ್ದು. ವೈರ್ ಸುಟ್ರ ಪ್ಲಾಸ್ಟಿಕ್ ಕರಗಿದಂಗ ನಾರತೈತಿ. ಬೆಲ್ಟ್ ಜಾರಿದ್ರ ರಬ್ಬರ್ ವಾಸನಿ. ಸೋರಿದ ಆಯಿಲ್ ಕಾದ ಸೈಲೆನ್ಸರ್ ಮ್ಯಾಲೆ ಬಿದ್ರ ಎಣ್ಣಿ ಸುಟ್ಟ ಘಾಟು. ಗಾಲಿ ಕಡಿಂದ ಬಂದ್ರ ಬ್ರೇಕ್ ಹಿಡಕೊಂಡಿರಬೇಕು. ಇದಕ್ಕ ಸೆಂಟಿನ ಬಾಟ್ಲಿ ತೂಗಹಾಕೂದು ಮದ್ದಲ್ಲ, ರೋಗ ಮುಚ್ಚೂದು.

2013ರ ನವೆಂಬರ್ 14ರ ನಸುಕಿನ್ಯಾಗ ಹಾವೇರಿ ಹತ್ರ ಬಸ್ಸೊಂದು ಡಿಕ್ಕಿ ಹೊಡದು ಹೊತ್ತಿ ಉರದು 7 ಮಂದಿ ಹೋದ್ರು. ಅಲ್ಲಿ ಬೆಂಕಿ ಹೇಳಿ ಬರಲಿಲ್ಲ. ಹೇಳಿ ಬರೋ ಬೆಂಕಿ ಮಾತರೆ ಕೇಳಬೇಕೋ ಬ್ಯಾಡೋ?

ಲಕ್ಷ್ಮೇಶ್ವರದಿಂದ ಮುಂಡರಗಿ ಮದಿವಿಗೆ ಹೊಂಟೀರಿ ಅನ್ರಿ. ಅಕ್ಕಿಕಾಳ ತಪ್ಪಿದ್ರ ತಪ್ಪಲಿ. ಗಾಡಿ ಬಾಜೂಕ ಹಚ್ಚಿಸಿ, ಬಂದ್ ಮಾಡಸ್ರಿ. ಹುಡುಗ್ರನ್ನ ಮೊದಲ ಇಳಿಸಿ ದೂರ ನಿಂದ್ರಸ್ರಿ. ಹೊಗಿ ಕಂಡ್ರ ಬಾನೆಟ್ ಎತ್ತಾಕ ಬಿಡಬ್ಯಾಡ್ರಿ, ಗಾಳಿ ಹೊಕ್ಕು ಬೆಂಕಿ ಭುಗ್ ಅಂತೈತಿ. "ಅಂಜುಬುರಕಿ" ಅಂದ್ರ ಅನ್ನಲಿ. ಜೀವ ಇದ್ರ ನಾಳೆ ಜಗಳಾಡಾಕ ಬರತೈತಿ.