ಗುಂಡಿಯ ಹಿಂದಿನ ಪುಟ್ಟ ದೀಪ

ಮಳೆಗಾಲದ ಒಂದು ರಾತ್ರಿ. ಕಾರಿನ ಮುಂಗಾಜಿನ ಮೇಲೆ ಹನಿ, ಹಿಂಗಾಜಿನ ಮೇಲೆ ಮಬ್ಬು. ಆ ಮಬ್ಬನ್ನು ಕರಗಿಸುವ ಗುಂಡಿ ಎಲ್ಲಿದೆಯೆಂದು ಕಾರು ಓಡಿಸುತ್ತಿದ್ದ ತಾಯಿ ಕತ್ತಲಲ್ಲೇ ಬೆರಳಾಡಿಸಿದರು. ಬೆರಳು ಒತ್ತಿದ್ದು ಇನ್ನಾವುದೋ ಗುಂಡಿಯನ್ನು! ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೇ ಮಿನುಗತೊಡಗಿದವು. ಹಿಂದಿದ್ದ ಲಾರಿ ಗಾಬರಿಯಿಂದ ಹಾರ್ನ್ ಬಾರಿಸಿತು.

ಪಕ್ಕದಲ್ಲಿ ಕುಳಿತಿದ್ದ ಮಗಳು ಪಿಯುಸಿ ವಿದ್ಯಾರ್ಥಿನಿ. ‘ಅಮ್ಮ, ಈ ಸ್ವಿಚ್ಚುಗಳೊಳಗಿನ ಲೈಟೆಲ್ಲ ಹೋಗಿವೆ. ನಾನೇ ಎಲ್‌ಇಡಿ ಹಾಕಿಕೊಡಲಾ?’ ಎಂದಳು.

‘ಹಾಕು. ಆದರೆ ಹಾಕಿದ ಮೇಲೂ ಕಾರು ಓಡಬೇಕು ನೋಡು’ ಎಂದು ತಾಯಿ ನಕ್ಕರು.

ಗುಂಡಿಯೊಳಗಿನ ದೀಪ ಅಲಂಕಾರಕ್ಕೆ ಇರುವುದಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಗುಂಡಿ ಹುಡುಕಲು ಎರಡೇ ಸೆಕೆಂಡು ಕಣ್ಣು ರಸ್ತೆ ಬಿಟ್ಟಿತೆಂದರೆ, ಸುಮಾರು 33 ಮೀಟರ್ ಕಣ್ಣು ಮುಚ್ಚಿ ಓಡಿದಂತೆಯೇ. ಹಾಗಾಗಿ ಮಗಳ ಉತ್ಸಾಹದಲ್ಲಿ ಅರ್ಥವಿತ್ತು.

ಭಾನುವಾರ ಕೆಲಸ ಶುರುವಾಯಿತು. ಮೊದಲು ಬ್ಯಾಟರಿಯ ಋಣಾಗ್ರದ ತಂತಿ ಕಳಚಿದಳು. ಲೋಹದ ಸ್ಕ್ರೂಡ್ರೈವರ್ ತಗುಲಿ ವಿದ್ಯುತ್ತು ಅಡ್ಡದಾರಿ ಹಿಡಿದರೆ ಫ್ಯೂಸ್ ಸುಟ್ಟೀತು. ಇನ್ನು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಬ್ಯಾಟರಿ ಕಳಚಿದ ಮೇಲೂ ಕೆಲವು ನಿಮಿಷ ಕಾಯಲೇಬೇಕು. ಸ್ಟಿಯರಿಂಗಿನ ಆಸುಪಾಸಿಗಂತೂ ಕೈ ಹಾಕಲೇಬಾರದು. ಅದು ಪಳಗಿದ ಮೆಕ್ಯಾನಿಕ್‌ನ ಕೆಲಸ.

ಸ್ವಿಚ್ಚನ್ನು ಚೌಕಟ್ಟಿನಿಂದ ಬಿಡಿಸಿ, ಹಿಂಬದಿಯ ಹೋಲ್ಡರನ್ನು ಕಾಲುಸುತ್ತು ತಿರುಗಿಸಿದಾಗ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಗಾಜಿನ ಬಲ್ಬು ಹೊರಬಂತು. ಅದರ ಸಾಮರ್ಥ್ಯ 12 ವೋಲ್ಟ್, 1.2 ವ್ಯಾಟ್. ಒಳಗಿನ ತಂತು ತುಂಡಾಗಿತ್ತು. ಗಾಜು ಒಳಗಿನಿಂದ ಕಪ್ಪಿಟ್ಟಿತ್ತು. ಟಂಗ್‌ಸ್ಟನ್ ಲೋಹದ ಈ ಕೂದಲೆಳೆ ಸುಮಾರು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು ಬೆಳಕು ಕೊಡುತ್ತದೆ. ಕಾದಂತೆಲ್ಲ ಲೋಹ ಚೂರುಚೂರೇ ಆವಿಯಾಗಿ ಗಾಜಿಗೆ ಅಂಟುತ್ತದೆ, ತಂತು ಸವೆಯುತ್ತದೆ. ಅದರ ಮೇಲೆ ನಮ್ಮ ರಸ್ತೆಗಳ ಕುಲುಕಾಟ ಬೇರೆ! ಅದು ತಿನ್ನುವ ವಿದ್ಯುತ್ತಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ.

ಓಮ್ ನಿಯಮಕ್ಕೆ ಏನಾಯಿತು?

ಇಲ್ಲೊಂದು ಸ್ವಾರಸ್ಯವಿದೆ. ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. 1.2 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 0.1 ಆಂಪಿಯರ್. ಅಂದರೆ ಬಲ್ಬಿನ ರೋಧ 120 ಓಮ್ ಇರಬೇಕು. ಆದರೆ ಚೆನ್ನಾಗಿರುವ ಅಂಥದ್ದೇ ಬಲ್ಬನ್ನು ತಣ್ಣಗಿರುವಾಗ ಮಲ್ಟಿಮೀಟರಿಗೆ ಹಿಡಿದು ನೋಡಿ. ಅದು ತೋರಿಸುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು! ಓಮ್ ಸಾಹೇಬರ ನಿಯಮ ಸುಳ್ಳಾಯಿತೆ?

ಇಲ್ಲ. ಲೋಹ ಬಿಸಿಯಾದಂತೆ ಅದರ ರೋಧ ಏರುತ್ತದೆ. ಸ್ವಿಚ್ಚು ಒತ್ತಿದ ಕ್ಷಣದಲ್ಲಿ ತಣ್ಣನೆಯ ತಂತುವಿನೊಳಗೆ ವಿದ್ಯುತ್ತು ನುಗ್ಗುತ್ತದೆ, ತಂತು ಕಾಯುತ್ತದೆ, ಕಾದ ಕೂಡಲೇ ರೋಧ ಹೆಚ್ಚಿ ತನ್ನೊಳಗೆ ಬರುವ ಪ್ರವಾಹವನ್ನು ತಾನೇ ತಡೆಯುತ್ತದೆ. ಯಾರೂ ಹೇಳಿಕೊಡದೆಯೇ ಮಿತಿಯಲ್ಲಿರುವ ಸಂಭಾವಿತ ಈ ಬಲ್ಬು. ಅದಕ್ಕೆ ಧನ-ಋಣಗಳ ಭೇದವೂ ಇಲ್ಲ. ಯಾವ ಕಡೆಯಿಂದ ಜೋಡಿಸಿದರೂ ಉರಿಯುತ್ತದೆ.

ಎಲ್‌ಇಡಿಯ ಸ್ವಭಾವವೇ ಬೇರೆ. ಅದರಲ್ಲಿ ಕಾಯುವ ತಂತುವಿಲ್ಲ. ಎರಡು ಬಗೆಯ ಅರೆವಾಹಕಗಳು ಕೂಡುವ ಸಂಧಿಯಲ್ಲಿ ಎಲೆಕ್ಟ್ರಾನ್‌ಗಳು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಧುಮುಕಿದಾಗ ಹೊಮ್ಮುವ ಶಕ್ತಿಯೇ ಬೆಳಕಾಗುತ್ತದೆ. ಮೆಟ್ಟಿಲು ಚಿಕ್ಕದಾದರೆ ಕೆಂಪು, ದೊಡ್ಡದಾದರೆ ನೀಲಿ. ಎಲೆಕ್ಟ್ರಾನ್‌ಗಳು ಹರಿಯುವುದು ಒಂದೇ ದಿಕ್ಕಿನಲ್ಲಿ. ತಿರುಗಿಸಿ ಜೋಡಿಸಿದರೆ ದೀಪ ಬೆಳಗುವುದಿಲ್ಲ.

ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್, ನೀಲಿ ಅಥವಾ ಬಿಳಿಗೆ ಸುಮಾರು 3.2 ವೋಲ್ಟ್ ಸಾಕು. ಆ ಗೆರೆ ದಾಟಿತೆಂದರೆ ಮುಗಿಯಿತು. ವೋಲ್ಟೇಜು ಕೊಂಚ ಏರಿದರೂ ಪ್ರವಾಹ ಹಲವು ಪಟ್ಟು ಏರುತ್ತದೆ. ಬಿಸಿಯಾದಂತೆ ತಡೆಯುವ ಬದಲು ಇನ್ನಷ್ಟು ಬರಲಿ ಎನ್ನುತ್ತದೆ! ಎಂಜಿನ್ ಓಡುವಾಗ ಕಾರಿನ ವೋಲ್ಟೇಜು 14ರ ಆಸುಪಾಸಿನಲ್ಲಿ ಇರುವುದರಿಂದ ಬರಿಯ ಎಲ್‌ಇಡಿಯನ್ನು ನೇರವಾಗಿ ಸಿಕ್ಕಿಸಿದರೆ ಕ್ಷಣಾರ್ಧದಲ್ಲಿ ಅದರ ಆಯುಸ್ಸು ಮುಗಿದಂತೆ.

ಹಾಗಾಗಿ ಜೊತೆಗೊಂದು ಮೂಗುದಾರ ಬೇಕು. ಅದೇ ರೋಧಕ. ಲೆಕ್ಕ ಸುಲಭ. 14ರಿಂದ 3.2 ಕಳೆದರೆ 10.8 ವೋಲ್ಟ್. ಎಲ್‌ಇಡಿಗೆ ಬೇಕಾದ ಪ್ರವಾಹ 0.02 ಆಂಪಿಯರ್. ಭಾಗಿಸಿದರೆ 540 ಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆ 560 ಓಮ್. ರೋಧಕದಲ್ಲಿ ಶಾಖವಾಗಿ ಹೋಗುವುದು ಸುಮಾರು 0.2 ವ್ಯಾಟ್, ಆದ್ದರಿಂದ ಅರ್ಧ ವ್ಯಾಟಿನ ರೋಧಕವಿದ್ದರೆ ನಿಶ್ಚಿಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಬೆಸುಗೆ ಹಾಕುವ ಹುಡುಗರಿಗೆ ಇದು ಗೊತ್ತಿರಬೇಕು. ಕಾರಿಗೆಂದೇ ಮಾರುವ ಸಿದ್ಧ ಎಲ್‌ಇಡಿಗಳಲ್ಲಿ ರೋಧಕ ಒಳಗೇ ಇರುತ್ತದೆ.

ಎಲ್‌ಇಡಿ ಹಾಕಿದರೆ ಪೆಟ್ರೋಲು ಉಳಿದೀತೆ ಎಂದು ಯಾರಾದರೂ ಕೇಳಿಯಾರು. ಹತ್ತು ಸ್ವಿಚ್ಚುಗಳ ಬಲ್ಬು ಸೇರಿದರೂ 12 ವ್ಯಾಟ್. ಹಳೆಯ ಬಗೆಯ ಹೆಡ್‌ಲೈಟ್ ಜೋಡಿಯೊಂದೇ ನೂರು ವ್ಯಾಟಿಗೂ ಮೇಲೆ ಕುಡಿಯುತ್ತದೆ. ಇಲ್ಲಿ ಲಾಭ ಪೆಟ್ರೋಲಿನದಲ್ಲ, ಬಾಳಿಕೆಯದು.

ನೀಲಿಗಾಗಿ ಮೂರು ದಶಕ

ಅರೆವಾಹಕದಲ್ಲಿ ಬೆಳಕು ಕಂಡದ್ದು ನಿನ್ನೆ ಮೊನ್ನೆಯಲ್ಲ. 1907ರಲ್ಲೇ ಇಂಗ್ಲೆಂಡಿನ ಎಚ್.ಜೆ. ರೌಂಡ್ ಸಿಲಿಕಾನ್ ಕಾರ್ಬೈಡ್ ಹರಳಿಗೆ ವಿದ್ಯುತ್ ಹರಿಸಿದಾಗ ಮಂದ ಬೆಳಕು ಕಂಡಿದ್ದರು. 1920ರ ದಶಕದಲ್ಲಿ ರಷ್ಯದ ಓಲೆಗ್ ಲೋಸೆವ್ ಅದನ್ನು ಆಳವಾಗಿ ಅಭ್ಯಸಿಸಿದರು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ಹಸಿರು, ಹಳದಿಗಳೂ ಬಂದವು. ಆದರೆ ಪ್ರಖರ ನೀಲಿ ಮಾತ್ರ ಕೈಗೆ ಸಿಗಲೊಲ್ಲದು. ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳು ಬೆಳೆಸುವುದು ಅಷ್ಟು ಕಷ್ಟ. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಪಟ್ಟು ಬಿಡಲಿಲ್ಲ. 1993ರಲ್ಲಿ ನಕಮುರಾ ಅವರ ಪ್ರಖರ ನೀಲಿ ಎಲ್‌ಇಡಿ ಲೋಕಕ್ಕೆ ಕಂಡಿತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ನೀಲಿ ಸಿಕ್ಕ ಮೇಲೆ ಬಿಳಿಯೂ ಸಿಕ್ಕಿತು. ನೀಲಿ ಎಲ್‌ಇಡಿಯ ಮೇಲೆ ಹಳದಿಯಾಗಿ ಹೊಳೆಯುವ ಲೇಪ ಹಚ್ಚಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಗುಟ್ಟು ಗೊತ್ತಿಲ್ಲದೆ ಮಗಳು ಮೊದಲ ಸಲ ಎಡವಿದಳು. ಅಪಾಯಸೂಚಕ ಗುಂಡಿಯ ಕೆಂಪು ತ್ರಿಕೋನದ ಹಿಂದೆ ಬಿಳಿ ಎಲ್‌ಇಡಿ ಇಟ್ಟಳು. ತ್ರಿಕೋನ ಹಳೆಯ ಬಲ್ಬಿನಲ್ಲಿ ಇದ್ದುದಕ್ಕಿಂತ ಮಂಕಾಯಿತು! ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳ. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪು ಮುಚ್ಚಳ ಉಳಿದ ಬಣ್ಣಗಳನ್ನೆಲ್ಲ ನುಂಗಿದರೆ ಹೊರಬರಲು ಉಳಿಯುವುದೇನು? ಮುಚ್ಚಳದ ಬಣ್ಣದ್ದೇ ಎಲ್‌ಇಡಿ ಹಾಕಬೇಕು.

ಎರಡನೆಯ ತೊಡಕು ಬೆಳಕು ಹರಡುವ ರೀತಿಯದು. ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ. ಗುಮ್ಮಟದಾಕಾರದ ಎಲ್‌ಇಡಿ ಟಾರ್ಚಿನಂತೆ ಮುಂದಕ್ಕಷ್ಟೇ. ಗುಂಡಿಯ ನಡುವೆ ಒಂದು ಚುಕ್ಕೆ ಹೊಳೆದು ಅಂಚುಗಳು ಕತ್ತಲಾದವು. ನಯವಾದ ಉಪ್ಪುಕಾಗದದಿಂದ ಎಲ್‌ಇಡಿಯ ನೆತ್ತಿಯನ್ನು ಹಗುರಾಗಿ ಉಜ್ಜಿದಾಗ ಬೆಳಕು ಹರಡಿತು.

ಮೂರನೆಯದು ಪ್ರಖರತೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಅರ್ಧ ಗಂಟೆಯಷ್ಟು ಬೇಕು. ಮಂದ ಬೆಳಕಿನಲ್ಲಿ ದುಡಿಯುವ ಅಕ್ಷಿಪಟಲದ ಕೋಶಗಳು ನೀಲಿ-ಹಸಿರಿಗೆ ಬಹು ಬೇಗ ಸ್ಪಂದಿಸುತ್ತವೆ, ಕೆಂಪಿಗೆ ಅಷ್ಟಾಗಿ ಇಲ್ಲ. ನೋಡಲು ಸೊಗಸೆಂದು ಕಣ್ಣು ಕುಕ್ಕುವ ನೀಲಿ ಹಾಕಿಸಿಕೊಂಡ ಕಾರಿನಲ್ಲಿ ರಸ್ತೆಯ ಬದಿಯ ಪಾದಚಾರಿ ತಡವಾಗಿ ಕಂಡಾನು. ಗುಂಡಿ ಕಾಣಬೇಕೇ ಹೊರತು ಹೊಳೆಯಬೇಕಾಗಿಲ್ಲ. ಮಗಳು ರೋಧಕವನ್ನು ದೊಡ್ಡದು ಮಾಡಿ ಬೆಳಕು ಇಳಿಸಿದಳು.

ಆರಿದ ದೀಪದ ಸುಳ್ಳು

ಗುಂಡಿಗಳೆಲ್ಲ ಹದವಾಗಿ ಬೆಳಗಿದವು. ತಾಯಿಗೆ ಸಂತೋಷ. ಮಗಳಿಗೆ ಹುರುಪು. ಆ ಹುರುಪಿನಲ್ಲಿ ಡ್ಯಾಶ್‌ಬೋರ್ಡಿನಲ್ಲಿದ್ದ ಬ್ಯಾಟರಿ ಚಿತ್ರದ ಕೆಂಪು ಎಚ್ಚರಿಕೆ ದೀಪಕ್ಕೂ ಎಲ್‌ಇಡಿ ಹಾಕಿಬಿಟ್ಟಳು. ಎಂಜಿನ್ ಶುರು ಮಾಡಿದಳು. ದೀಪ ಉರಿಯಲಿಲ್ಲ. ಎಂಜಿನ್ ಓಡುವಾಗ ಅದು ಆರಿರಬೇಕಾದದ್ದೇ ಸರಿಯಲ್ಲವೆ? ‘ಎಲ್ಲ ಸರಿ’ ಎಂದುಕೊಂಡಳು.

ಮೂರನೆಯ ಸಂಜೆ ಮಳೆ, ವಾಹನಗಳ ಸಾಲು. ಹೆಡ್‌ಲೈಟು, ವೈಪರು, ಫ್ಯಾನು ಎಲ್ಲವೂ ಚಾಲೂ. ಸಿಗ್ನಲ್ಲಿನ ಹತ್ತಿರ ನಿಂತ ಎಂಜಿನ್ ಮತ್ತೆ ಶುರುವಾಗಲಿಲ್ಲ. ಬ್ಯಾಟರಿ ಬರಿದು. ಹಿಂದೆ ಸಾಲುಗಟ್ಟಿದ ವಾಹನಗಳ ಕಿರುಚಾಟದ ನಡುವೆ ಯಾರೋ ಪುಣ್ಯಾತ್ಮರು ಕಾರನ್ನು ಬದಿಗೆ ತಳ್ಳಿದರು.

ಬಂದ ಮೆಕ್ಯಾನಿಕ್ ಕೀಲಿಯನ್ನು ಅರ್ಧ ತಿರುಗಿಸಿ ಡ್ಯಾಶ್‌ಬೋರ್ಡು ನೋಡಿದ. ‘ಮೇಡಂ, ಬ್ಯಾಟರಿ ಲೈಟೇ ಬರ್ತಿಲ್ವಲ್ಲ. ಯಾರು ಕೈ ಹಾಕಿದ್ದು?’

ಮಗಳು ತಲೆ ತಗ್ಗಿಸಿದಳು. ಎಲ್‌ಇಡಿ ತಿರುಗುಮುರುಗಾಗಿ ಕೂತಿತ್ತು.

ದೀಪ ಹತ್ತದಿದ್ದರೆ ಬ್ಯಾಟರಿ ಯಾಕೆ ಬರಿದಾಗಬೇಕು? ಹಲವು ಹಳೆಯ ಕಾರುಗಳಲ್ಲಿ ಆ ಬಲ್ಬು ಬರಿಯ ಸೂಚಕವಲ್ಲ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಕೆಲಸ ಶುರು ಮಾಡಬೇಕಾದರೆ ಅದರೊಳಗಿನ ಸುರುಳಿ ಮೊದಲು ಕಾಂತವಾಗಬೇಕು. ಅದಕ್ಕೆ ಬೇಕಾದ ಮೊದಲ ಗುಟುಕು ವಿದ್ಯುತ್ತು ಹೋಗುವುದು ಈ ಬಲ್ಬಿನ ಮೂಲಕವೇ! ಕೀಲಿ ತಿರುಗಿಸಿದಾಗ ಬಲ್ಬು ಉರಿಯುವುದು ಆ ಪ್ರವಾಹದಿಂದ. ಎಂಜಿನ್ ಓಡಿ ಆಲ್ಟರ್ನೇಟರ್ ಉತ್ಪಾದನೆ ಆರಂಭಿಸಿದೊಡನೆ ಬಲ್ಬಿನ ಎರಡೂ ತುದಿಗಳಲ್ಲಿ ವೋಲ್ಟೇಜು ಸಮವಾಗುತ್ತದೆ; ಪ್ರವಾಹ ನಿಲ್ಲುತ್ತದೆ; ದೀಪ ಆರುತ್ತದೆ. ಮೂರು ವ್ಯಾಟಿನ ಬಲ್ಬಾದರೆ ಅದರ ಮೂಲಕ ಕಾಲು ಆಂಪಿಯರ್ ಹರಿಯುತ್ತದೆ. ತಿರುಗಿ ಕೂತ ಎಲ್‌ಇಡಿಯಲ್ಲಿ ಏನೂ ಹರಿಯುವುದಿಲ್ಲ. ಸರಿಯಾಗಿ ಕೂರಿಸಿದರೂ ಹರಿಯುವುದು 0.02 ಆಂಪಿಯರ್ ಮಾತ್ರ. ಅಷ್ಟು ಸಾಲದೆ ಆಲ್ಟರ್ನೇಟರ್ ಏಳದೇ ಹೋಗಬಹುದು.

ಇಂಡಿಕೇಟರಿನ ಕಥೆಯೂ ಇಂಥದ್ದೇ. ಹಳೆಯ ಬಗೆಯ ಫ್ಲಾಷರ್ ತನ್ನ ಮೂಲಕ ಹರಿಯುವ ಪ್ರವಾಹವನ್ನೇ ನಂಬಿರುತ್ತದೆ. ಎಲ್‌ಇಡಿ ಹಾಕಿ ಪ್ರವಾಹ ಕಡಿಮೆಯಾದರೆ, ಬಲ್ಬು ಸುಟ್ಟಿದೆಯೆಂದು ಭಾವಿಸಿ ವೇಗವಾಗಿ ಮಿನುಗುತ್ತದೆ, ಇಲ್ಲವೇ ಮಿನುಗುವುದನ್ನೇ ಬಿಡುತ್ತದೆ.

ಮೆಕ್ಯಾನಿಕ್ ಹಳೆಯ ಬಗೆಯ ಬಲ್ಬನ್ನೇ ಮತ್ತೆ ಹಾಕಿದ. ಗುಂಡಿಗಳ ಎಲ್‌ಇಡಿಗಳನ್ನು ಮುಟ್ಟಲಿಲ್ಲ. ‘ಇವೆಲ್ಲ ಚೆನ್ನಾಗಿ ಮಾಡಿದ್ದೀಯಮ್ಮ. ಆದರೆ ವಾರ್ನಿಂಗ್ ಲೈಟು ಆರಿದೆ ಅಂತ ನಂಬಬಾರದು. ಮೊದಲು ಹತ್ತಬೇಕು, ಆಮೇಲೆ ಆರಬೇಕು’ ಎಂದ.

ಇದು ಎಲ್ಲ ತಂದೆ-ತಾಯಿಯರೂ ನೆನಪಿಡಬೇಕಾದ ಮಾತು. ಕೀಲಿ ತಿರುಗಿಸಿದಾಗ ಬ್ಯಾಟರಿ, ಎಂಜಿನ್ ಆಯಿಲ್, ಏರ್‌ಬ್ಯಾಗ್ ಮುಂತಾದ ಎಚ್ಚರಿಕೆ ದೀಪಗಳು ಒಮ್ಮೆ ಹತ್ತಿ ಅನಂತರ ಆರಬೇಕು. ಹತ್ತದೇ ಇರುವ ದೀಪ ಆರೋಗ್ಯದ ಗುರುತಲ್ಲ. ಹೊಸ ಕಾರುಗಳಲ್ಲಿ ಗುಂಡಿಗಳೊಳಗೆ ಸಾಮಾನ್ಯವಾಗಿ ಎಲ್‌ಇಡಿಯೇ ಇರುತ್ತದೆ, ಹಿಂದೆ ಕಂಪ್ಯೂಟರಿನ ಕಾವಲೂ ಇರುತ್ತದೆ. ಅಲ್ಲಿ ಕೈಯಾಡಿಸದಿರುವುದೇ ಲೇಸು.

ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ತಪ್ಪಲ್ಲ. ಕೀಳುವ ಮುನ್ನ ಅದು ಸದ್ದಿಲ್ಲದೆ ಏನೇನು ಕೆಲಸ ಮಾಡುತ್ತಿತ್ತೆಂದು ಕೇಳಿಕೊಳ್ಳಬೇಕು, ಅಷ್ಟೆ. ಆ ಮನೆಯಲ್ಲಿ ಈಗ ಕಾರು ಹೊರಡುವ ಮುನ್ನ ಮಗಳು ಒಂದು ಕ್ಷಣ ಡ್ಯಾಶ್‌ಬೋರ್ಡಿನತ್ತ ಬಾಗುತ್ತಾಳೆ. ಬ್ಯಾಟರಿ ದೀಪ ಹತ್ತುತ್ತದೆ, ಆರುತ್ತದೆ. ‘ಹೊರಡೋಣ ಅಮ್ಮ’ ಎನ್ನುತ್ತಾಳೆ.